ಬೆನ್ನ ಹಿಂದೆ ಕೂತವನು

ಓದು ಬರಹ ಕಮ್ಮಿ ನನಗೆ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಹೊಳೆಯ ಆಚೆ ಆಸ್ಪತ್ರೆ, ಈಚೆ ನಮ್ಮ ಬೀದಿ. ಕತ್ತಲಾದರೆ ಕಡವಿನ ದೋಣಿ ಬಂದ್. ಆಮೇಲೆ ಯಾರಿಗಾದರೂ ಜೀವಕ್ಕೆ ಬಂದರೆ ನನ್ನ ಬಾಗಿಲು, ನನ್ನ ಗೆಳೆಯನ ಬಾಗಿಲು ಬಡಿಯುತ್ತಿದ್ದರು. ಸಂಬಳ ಗಿಂಬಳ ಇಲ್ಲ. ನಮ್ಮ ದೋಣಿಯಲ್ಲಿ ಆಚೆ ದಾಟಿಸುವುದು ನಾವಾಗಿ ಒಪ್ಪಿಕೊಂಡ ಕೆಲಸ. ಹಗಲು ನಾನು ಗೋಡೆಗೆ ಬಣ್ಣ ಬಳಿಯುವವನು. ಅವನು ಟೈಲರ್.

ದೋಣಿಯಲ್ಲಿ ಹುಟ್ಟು ನನ್ನ ಕೈಲಿ. ಹುಟ್ಟು ಹಾಕುವವನ ಬೆನ್ನು ಹೋಗುವ ಕಡೆಗೆ. ಬಿಟ್ಟುಬಂದ ದಡವೇ ಅವನಿಗೆ ಕಾಣುವುದು. ದಾರಿ ನೋಡುವವನು ನನ್ನ ಬೆನ್ನ ಹಿಂದೆ, ದೋಣಿಯ ಮೂತಿಯ ಹಲಗೆ ಮೇಲೆ ಕೂರಬೇಕು. ಅದು ಅವನ ಜಾಗ. ಅದಕ್ಕೇ ಎಲ್ಲರೂ ಮುಂದಾಳು ಅಂತ ಕರೆಯುತ್ತಿದ್ದರು.

"ಓಟು ಕೇಳದ ಮುಂದಾಳು ಊರಿಗೆ ನಾನೊಬ್ಬನೇ ಕಣೋ," ಅನ್ನುತ್ತಿದ್ದ.

ಗುಂಡುಸೂಜಿ ಕಚ್ಚಿಕೊಂಡೇ ಕೆಲಸ ಮಾಡಿ ಮಾಡಿ, ಸೂಜಿ ಇಲ್ಲದಾಗಲೂ ಹಲ್ಲು ತೆರೆಯದೆಯೇ ಮಾತಾಡುತ್ತಿದ್ದ. "ಎಡ... ಎಡ... ಸಾಕು." ಹಲ್ಲಿನ ಸಂದಿಯಿಂದ ಗಾಳಿ ಸುಯ್ ಅನ್ನುತ್ತಿತ್ತು. ಎಷ್ಟೋ ವರ್ಷ ಆ ಸದ್ದನ್ನೇ ನಂಬಿ ಹುಟ್ಟು ಹಾಕಿದೆ. ತಿರುಗಿ ನೋಡಿದವನಲ್ಲ.

ಹೋದ ವರ್ಷ, ಮಡುವಿಗೆ ಬಿದ್ದವನೊಬ್ಬನನ್ನು ಎತ್ತಲು ಹಾರಿದ. ಬಿದ್ದವನು ಬದುಕಿದ. ಇವನು ಹೋದ.

ಆಮೇಲಿನ ಚಳಿಗಾಲ. ಒಂದು ರಾತ್ರಿ ನನ್ನವಳಿಗೆ ಉಸಿರು ಸಿಕ್ಕಿಕೊಂಡಿತು. ಪಕ್ಕದ ಮನೆ ಬಡಗಿ ಓಡಿ ಬಂದ. ಇಬ್ಬರೂ ಅವಳನ್ನು ಹೊತ್ತು ಬೀದಿ ಕೊನೆಯ ಬಾವಿ ದಾಟಿ ಕಡವಿಗೆ ಇಳಿದೆವು. ಹೊಳೆ ತುಂಬ ಮಂಜು.

"ಬೆಳಗಾಗಲಿ ಇರೋ," ಅಂದ ಬಡಗಿ, ಪಿಸುದನಿಯಲ್ಲಿ.

"ಬೆಳಗಿನ ತನಕ ಇವಳು ಇರಲ್ಲ."

"ನಾನು ಬಂದ್ರೆ ನನ್ನನ್ನೂ ನೀನೇ ಹೊರಬೇಕು. ನೀರು ಕಂಡ್ರೆ ಕಾಲು ನಿಲ್ಲಲ್ಲ ನನಗೆ."

"ಗೊತ್ತು. ದೋಣಿ ತಳ್ಳು, ಸಾಕು."

ಅವಳನ್ನು ನನ್ನೆದುರಿಗೆ ಮಲಗಿಸಿ ಕಂಬಳಿ ಹೊದಿಸಿದೆ. ನನ್ನ ಬೆನ್ನ ಹಿಂದೆ ಯಾರೂ ಇಲ್ಲ.

ನಡುಹೊಳೆ. ದಡ ಎರಡೂ ಕಾಣದು. ಹುಟ್ಟು ಸಿಕ್ಕಿಸಿದ ಕಬ್ಬಿಣದ ಬಳೆ ಕಿರ್... ಕಿರ್... ಅವಳ ಎದೆ ಗೊರ್... ಗೊರ್... ಬೇರೆ ಸದ್ದಿಲ್ಲ.

ಆಗ ಬೆನ್ನ ಹಿಂದಿನ ಹಲಗೆ ಕಟಕ್ ಅಂತು. ಅವಳು ಮಲಗಿದ್ದ ತುದಿ ತುಸು ಮೇಲೆದ್ದಿತು. ಆಚೆ ತುದಿಗೆ ಭಾರ ಬಿದ್ದ ಹಾಗೆ.

"ಬಲ..." ಸುಯ್. "ಬಲ..."

ಬಲಕ್ಕೆ ಮಡು. ಅವಳು ಕಣ್ಣು ಬಿಟ್ಟಿದ್ದಳು. ನೋಡುತ್ತಿದ್ದದ್ದು ನನ್ನನ್ನಲ್ಲ, ನನ್ನ ಹೆಗಲಿನಾಚೆ.

"ರೀ... ಅಣ್ಣ ಹೇಳ್ತಿದಾರಲ್ಲ. ಕೇಳಿಸ್ತಿಲ್ವಾ?"

"ಸುಮ್ನಿರೇ. ಉಸಿರು ಉಳಿಸ್ಕೋ."

ಹುಟ್ಟು ಎತ್ತಿ ಹಿಡಿದು ಹಾಗೇ ಕೂತೆ. ಆಸ್ಪತ್ರೆ ಎಡಕ್ಕೆ, ನನ್ನ ಲೆಕ್ಕದಲ್ಲಿ. ಸತ್ತವನ ಮಾತು ಕೇಳಿದರೆ ಇವಳೂ ಮಡುವಿನ ಪಾಲು.

"ಬಲ... ಬೇಗ."

ಇದ್ದಾಗ ಒಂದು ಸಲವೂ ತಪ್ಪು ಹೇಳಿದವನಲ್ಲ. ಬಲಕ್ಕೆ ಎಳೆದೆ.

"ಸಾಕು."

ದೋಣಿ ಕಲ್ಲಿಗೆ ತಾಗಿತು. ಆಸ್ಪತ್ರೆಯ ಮೆಟ್ಟಿಲು. ಮಂಜಿನಲ್ಲಿ ಸೆಳೆತ ನಮ್ಮನ್ನು ಎಲ್ಲಿಗೆ ದೂಡಿತ್ತೋ, ಎಡಕ್ಕೆ ಹೋಗಿದ್ದರೆ ಮಡುವೇ. ಆಗ ತಿರುಗಿ ನೋಡಿದೆ. ಹಲಗೆ ಮೇಲೆ ಯಾರೂ ಇಲ್ಲ.

ಮೇಲಿನ ಮಹಡಿಯಲ್ಲಿ ಹಾಸಿಗೆ ಕೊಟ್ಟರು. ಮೂಗಿಗೆ ನಳಿಗೆ ಹಾಕಿದರು. ಮಾತು ಬಂದ ದಿನ ಅವಳು ಅಂದಳು, "ಅಣ್ಣ ಬರೀ ದಾರಿ ಹೇಳಲಿಲ್ಲ ರೀ. ನನ್ನನ್ನ ಒಂದು ಮಾತು ಕೇಳಿದ್ರು. ಹೂಂ ಅಂದೆ."

"ಏನು ಕೇಳಿದ?"

"ನಿಮಗೆ ಕೇಳಿಸಲಿಲ್ಲ ಅಂದ್ರೆ ನಿಮಗಲ್ಲ ಬಿಡಿ."

ಗೋಡೆ ಕಡೆ ಮುಖ ಮಾಡಿದಳು. ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ಅವತ್ತಿನಿಂದ ರೆಪ್ಪೆ ಮುಚ್ಚದೆ ಅವಳ ಕೈ ಹಿಡಿದು ಕೂತೆ. ಒಂದು ಬೆಳಗಿನ ಜಾವ ಸ್ಟೂಲಿನ ಮೇಲೆ ತೂಕಡಿಸಿಬಿಟ್ಟೆ. ಎಚ್ಚರಾದಾಗ ಕೈ ತಣ್ಣಗಿತ್ತು.

ನರ್ಸಮ್ಮ ಬಂದು ಹೊದಿಕೆ ಸರಿಸಿದಳು. ಕಾಲಿನ ಕಡೆ ಬಗ್ಗಿ ನೋಡಿದಳು.

"ಯಜಮಾನ್ರೇ... ಇವರನ್ನ ಹೊರಗೆ ನಡೆಸಿದ್ರಾ?"

"ಮಗ್ಗುಲಾಗೋಕೂ ಆಗ್ತಿರಲಿಲ್ಲಮ್ಮ ಇವಳಿಗೆ."

ಪಾದದ ಗಂಟಿನ ತನಕ ಹೊಳೆಯ ಕೆಸರು. ಎರಡೂ ಕಾಲಿಗೆ. ನೆಲದ ಮೇಲೆ ಒಂದು ಹೆಜ್ಜೆ ಗುರುತಿಲ್ಲ. ಆ ನರ್ಸಮ್ಮ ಇನ್ನೂ ಅಲ್ಲೇ ಇದ್ದಾಳೆ, ಬೇಕಾದರೆ ಕೇಳಿ. ಕೆಸರು ಒರೆಸಿದವನು ನಾನೇ, ಈ ಕೈಯಿಂದ. ಬೆರಳ ಸಂದಿಯಲ್ಲಿ ಇನ್ನೂ ಹಸಿಯಾಗಿತ್ತು.