ಶನಿವಾರದ ಕೊಚ್ಚಿನ್

ಹಿನಕಲ್ ಬಸ್ಸಿಗೆ ಕಾಯುತ್ತಿದ್ದ ಚೆಲುವಮ್ಮನವರ ಪಕ್ಕಕ್ಕೆ ಗಂಡ ಹೆಂಡತಿ ಇಬ್ಬರು ಬಂದು ಸೂಟ್‌ಕೇಸ್ ಇಳಿಸಿದರು. ಕೊಚ್ಚಿನ್‌ನಿಂದ ಬಂದವರೆಂದು ತಿಳಿಯಲು ಕಿವಿಗೊಡಬೇಕಾಗಿಯೇ ಇರಲಿಲ್ಲ. ಯಜಮಾನರ ದನಿ ಇಡೀ ಬಸ್‌ಸ್ಟ್ಯಾಂಡಿಗೆ ಕೇಳುತ್ತಿತ್ತು.

“ಎಂಥ ಊರೇ ಪ್ರೇಮಾ ಅದು! ಉಸಿರೆಳೆದ್ರೆ ಮೀನಿನ ವಾಸನೆ.”

“ಮೂಗಿಗೆ ಟವೆಲ್ ಕಟ್ಕೊಂಡು ಓಡಾಡಿದ್ರಲ್ಲ, ಊರೋರೆಲ್ಲ ನಿಮ್ಮನ್ನೇ ನೋಡ್ತಿದ್ರು ಕಣ್ರೀ.”

“ಚರ್ಚು, ಮಸೀದಿ, ದೇವಸ್ಥಾನ, ಗುಜರಾತಿಗಳ ಅಂಗಡಿ, ಎಲ್ಲ ಒಂದೇ ಕಡೆ ಅಂತೆ. ನಮ್ಮ ಮಂಡಿ ಮೊಹಲ್ಲಾದಲ್ಲಿ ಇಲ್ವಾ?”

“ಯೆಹೂದ್ಯರ ಗುಡಿ ಇದ್ಯಾ? ನಾನು ಕೇಳಿದ್ದು ಅದೊಂದೇ. ನೆಲದ ತುಂಬ ನೀಲಿ ಚಿತ್ತಾರದ ಪಿಂಗಾಣಿ ಬಿಲ್ಲೆಗಳಂತೆ, ಒಂದರ ಥರ ಇನ್ನೊಂದಿಲ್ವಂತೆ.”

“ಬಾಗಿಲು ಹಾಕಿದ್ರೆ ನಾನೇನ್ ಮಾಡ್ಲಿ?”

“ಶನಿವಾರ ಅವರ ದೇವರ ವಾರ. ಭಾನುವಾರ ತೆಗೀತಾರೆ, ನೋಡ್ಕೊಂಡು ಹೋಗೋಣ ಅಂದ್ರೆ, ಸೋಮವಾರದ ಮಠದ ಪೂಜೆ ತಪ್ಪುತ್ತೆ ಅಂತ ಎಳ್ಕೊಂಡು ಬಂದ್ಬುಟ್ರಿ.”

“ಅಷ್ಟು ದೂರದಿಂದ ಬಂದೋರಿಗೆ ಬಾಗಿಲು ತೆಗೀದೆ ಇರೋದು ಯಾವ ಸೀಮೆ ಆಚಾರ?”

“ಸೋಮವಾರ ಪೂಜೆ ಮುಗಿಯೋ ತನಕ ನಿಮ್ಮ ಅಂಗಡಿ ಬಾಗಿಲು ಯಾರು ಬಡಿದ್ರೂ ತೆಗೀತೀರಾ?”

“ಅದು ಬೇರೆ ಕಣೇ.”

ಚೆಲುವಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದರು.

“ಆಯ್ತು ಬುಡಿ. ಮುಂದಿನ ತಿಂಗಳು ನಾನೂ ನಮ್ಮಕ್ಕನೂ ಬುಧವಾರ ನೋಡ್ಕೊಂಡು ಹೊರಡ್ತೀವಿ.”

“ಇಬ್ಬರು ಹೆಂಗಸರೇನಾ? ಅಲ್ಲಿ ನಿಮಗೆ ಊರು ತೋರ್ಸೋರು ಯಾರು?”

“ನೀವು ತೋರಿಸಿದ್ರಲ್ಲ, ಬೀಗ!”

ದಟ್ಟಗಳ್ಳಿ ಬಸ್ಸು ಬಂತು. ಯಜಮಾನರು ಸೂಟ್‌ಕೇಸ್ ಎತ್ತಿಕೊಂಡು ಹಿಂಬಾಗಿಲಿಗೆ ನುಗ್ಗಿದರು. ಪ್ರೇಮಾ ಮುಂಬಾಗಿಲಿನಲ್ಲಿ ಹತ್ತಿ, ಮೆಟ್ಟಿಲ ಮೇಲಿಂದಲೇ ಕಂಡಕ್ಟರನಿಗೆ ಹೇಳಿದರು:

“ನಂಗೊಂದೇ ಟಿಕೆಟ್ ಕೊಡಪ್ಪ. ಹಿಂದಿರೋರು ಅವರದ್ದು ಅವರು ನೋಡ್ಕೋತಾರೆ.”