ಕೋಟೆ ಗೋಪುರದ ಬಿರುಕು

ಹಾಲ್ಬರಿಯ ಬಸ್ ನಿಲ್ದಾಣದಲ್ಲಿ ಮುದುಕಿ ಎನಿಡ್‌ಳ ಪಕ್ಕದಲ್ಲಿ ಒಬ್ಬ ಹೆಂಗಸು, ಒಬ್ಬ ಗಂಡಸು ಕೂತಿದ್ದರು. ಊರಿನ ಕೋಟೆ ತೋರಿಸುವವರೆಂದು ಅವರ ಎದೆಯ ಬಿಲ್ಲೆಗಳೇ ಹೇಳುತ್ತಿದ್ದವು. ಹೆಂಗಸು ಗಂಡಸಿನ ಕಡೆ ತಿರುಗಿದಳು.

"ಗೋಪುರದ ಬಿರುಕಿನೊಳಗೆ ಹೋದ ವಾರ ಉಗುರು ಹೋಗ್ತಿತ್ತು ಕ್ಲೈವ್. ಇವತ್ತು ಬೆಳಿಗ್ಗೆ ಇಡೀ ಬೆರಳೇ ತೂರ್ತು."

"ಎಂಟುನೂರು ವರ್ಷದ ಗೋಡೆ ಕಣೆ ಮೋರೀನ್. ಫಿರಂಗಿಗೇ ಜಗ್ಗಲಿಲ್ಲ."

"ಮೆಟ್ಟಿಲ ಮೇಲೆ ಗಾರೆ ಉದುರಿತ್ತು. ಗುಡಿಸಿ ತಿರುಗೋಷ್ಟರಲ್ಲಿ ಮತ್ತೆ ಉದುರ್ತು."

"ಮೇಲಿನವರಿಗೆ ಹೇಳಿದ್ಯಾ?"

"ಹೇಳ್ದೆ. ಗೋಪುರ ಮುಚ್ಚಿದ್ರೆ ಈ ಊರಿಗೆ ಯಾರು ಬರ್ತಾರೆ, ಬೇಸಿಗೆ ಮುಗೀಲಿ ಅಂದ್ರು."

"ಅದೂ ನಿಜವೇ. ಇನ್ನೇನಿದೆ ಇಲ್ಲಿ, ಗಡಿಯಾರದ ಮ್ಯೂಸಿಯಂ ಬಿಟ್ರೆ?"

"ಹನ್ನೊಂದಕ್ಕೆ ನಲವತ್ತು ಶಾಲೆ ಮಕ್ಕಳನ್ನ ಗೋಪುರ ಹತ್ತಿಸ್ಬೇಕು. ನನ್ನಿಂದಾಗಲ್ಲ. ಹುಷಾರಿಲ್ಲ ಅಂತ ಹೇಳಿ ಮನೆಗೆ ಹೊರಟಿದೀನಿ."

"ನೀನು ಹೋದ್ರೆ ನನಗೇ ಹತ್ತಿಸು ಅಂತಾರೆ."

"ಹತ್ತಿಸ್ತೀಯಾ?"

ಕ್ಲೈವ್ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. ಬಸ್ಸು ಬಂದು ನಿಂತಿತು. ಇಬ್ಬರೂ ಏಳಲಿಲ್ಲ.

"ಗೋಪುರದ ಬೀಗದ ಕೈ ಎಲ್ಲಿದೆ?" ಎಂದ ಕೊನೆಗೆ.

"ನನ್ನ ಹತ್ರಾನೇ."

"ನಡಿ, ಬೀಗ ಹಾಕಿ ಬಾಗಿಲಲ್ಲೇ ನಿಲ್ಲೋಣ. ಬೈದ್ರೆ ಇಬ್ಬರೂ ಬೈಸ್ಕೊಳ್ಳೋಣ."

"ಕೆಲಸದಿಂದ ತೆಗೆದ್ರೆ?"

"ತೆಗೀಲಿ. ನಂಗೂ ಭಯಾನೇ."

ಅವಳು ಅವನ ತೋಳು ಹಿಡಿದುಕೊಂಡಳು. ಇಬ್ಬರೂ ಕೋಟೆ ಗುಡ್ಡದ ದಾರಿ ಹತ್ತಿದರು. ಎನಿಡ್ ಬಸ್ಸು ಹತ್ತುವುದನ್ನೇ ಮರೆತು ಅವರ ಬೆನ್ನು ನೋಡುತ್ತಾ ಕೂತಳು.