ಒಂದೇ ಪಂಕ್ತಿಗೆ ಬಂದರೆ

ಬೆಳಿಗ್ಗೆ ಮಗಳು ಮುಕ್ತಾಳನ್ನು ಕರೆದುಕೊಂಡು ಜೋಳ ಬೀಸಿಸಲು ಹೋಗಿದ್ದೆ. ಕರೆಂಟು ಹೋಗಿ ಗಿರಣಿ ನಿಂತಿತು. ಸದ್ದಡಗಿದ ಮೇಲೆ ಮುಂದಿದ್ದ ಇಬ್ಬರ ಮಾತು ಕೇಳಿಸಿತು. ಪುಣೆಯ ನಮ್ಮ ಓಣಿಯವರೇ, ಕೇತಕಿ ಮತ್ತು ಅವಳ ಆಫೀಸಿನ ಹಿರಿಯ ಶ್ರೀರಂಗ. ಆಸ್ಪತ್ರೆಗಳ ಕಂಪ್ಯೂಟರ್ ದಾಖಲೆಗಳನ್ನು ಕಾಯುವುದು ಅವರ ಕೆಲಸ.

“ದಾದಾ, ಎಲ್ಲಾ ಆಸ್ಪತ್ರೆಗಳಿಗೂ ಸೇರಿ ಇರೋ ನಮ್ಮ ಡಿಸ್ಕ್ ತುಂಬ್ತಾ ಬಂತು. ಮಧ್ಯಾಹ್ನ ಸ್ಕ್ಯಾನ್ ಚಿತ್ರ ಬರೋಕೆ ಶುರುವಾದ್ರೆ ಎಲ್ಲಾ ಆಸ್ಪತ್ರೆಗಳ ಮಷೀನೂ ಒಟ್ಟಿಗೆ ನಿಲ್ಲುತ್ತೆ.”

“ಒಬ್ಬೊಬ್ರಿಗೂ ಬೇಕಾದಷ್ಟು ಜಾಗ ಕೊಟ್ಟಿದ್ದೀವಲ್ಲೇ?”

“ಇರೋದಕ್ಕಿಂತ ಜಾಸ್ತಿ ಕೊಟ್ಟಿದ್ದೀವಿ ಅಂತ ತೋರಿಸಿದ್ದೀವಿ ಅಷ್ಟೆ. ಅವರು ಬರೆದಾಗ ತಾನೇ ನಿಜವಾದ ಜಾಗ ಹೋಗೋದು? ಎಲ್ಲರೂ ಒಂದೇ ಪಂಕ್ತಿಗೆ ಊಟಕ್ಕೆ ಬರಲ್ಲ ಅಂದೋರು ನೀವೇ.”

“ನಿನ್ನೆ ಹಳೇ ಫೈಲೆಲ್ಲಾ ಅಳಿಸಿದೆನಲ್ಲ!”

“ಅಳಿಸಿದ್ದು ಅವರ ಮಷೀನಿನೊಳಗೆ. ಖಾಲಿಯಾಯ್ತು ಅಂತ ಅದರ ಕೆಳಗಿರೋ ನಮ್ಮ ಡಿಸ್ಕಿಗೆ ಯಾರು ಹೇಳಿದ್ರು? ಅದು ಆ ಜಾಗನ ಇನ್ನೂ ಹಿಡ್ಕೊಂಡೇ ಕೂತಿದೆ.”

“ಅಯ್ಯೋ. ಈಗ ಬಿಡಿಸೋಕಾಗಲ್ವಾ?”

“ಆಫೀಸಲ್ಲಿ ಬಿಡಿಸೋಕೆ ಹಾಕಿ ಬಂದಿದೀನಿ. ತುಂಬಾ ನಿಧಾನ. ಹೊಸ ಡಿಸ್ಕ್ ಬರೋದು ಸಂಜೆಗೆ.”

“ಗಣಪತಿ ಬಪ್ಪಾ, ಸಂಜೆವರೆಗೂ ಕಾಪಾಡಪ್ಪಾ.”

“ಬಪ್ಪನ ಹತ್ರ ಪಾಸ್‌ವರ್ಡ್ ಇಲ್ಲ ದಾದಾ. ನಡೀರಿ ಆಫೀಸಿಗೆ.”

ಗೋಧಿಯ ಡಬ್ಬಿಗಳನ್ನು ಸಾಲಿನಲ್ಲೇ ಬಿಟ್ಟು ಇಬ್ಬರೂ ಸ್ಕೂಟರಿನತ್ತ ಹೊರಟರು. ಅಷ್ಟು ಹೊತ್ತೂ ನನ್ನ ಸೆರಗು ತಿರುಚುತ್ತ ಕೇಳಿಸಿಕೊಳ್ಳುತ್ತಿದ್ದ ಮುಕ್ತಾ ಈಗ ಕೂಗಿಯೇಬಿಟ್ಟಳು:

“ಕಾಕಾ, ಜಾಗ ಇಲ್ಲ ಅಂತ ಆಸ್ಪತ್ರೆಯವ್ರಿಗೆ ಹೇಳಿದೀರಾ?”